ಎರಡನೇ ವರ್ಷದ ಖರ್ಚು ಯಾರದ್ದು?

ಇಡಗುಂಜಿ ಸುತ್ತಿನ ನಮಗೆ ಕುದುರೆ ಅಂದರೆ ಯಕ್ಷಗಾನದ ಕುದುರೆ. ಸುಧನ್ವಾರ್ಜುನ, ಬಭ್ರುವಾಹನ, ತಾಮ್ರಧ್ವಜ, ಯಾವ ಆಟವಾದರೂ ಧರ್ಮರಾಯನ ಯಾಗದ ಕುದುರೆಯನ್ನು ಯಾರೋ ಕಟ್ಟಿಹಾಕಿದ ಮೇಲೇ ಕಥೆ ಏರುವುದು. ರಂಗಸ್ಥಳದಲ್ಲಿ ಕುದುರೆ ಇರುವುದಿಲ್ಲ, ಆದರೂ ನಮಗೆ ಕಾಣುತ್ತದೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದ ಊರುಕೇರಿಯಲ್ಲಿ ಬೆಳೆದವರಿಗೆ ಅಷ್ಟು ಕುದುರೆ ಸಾಕಾಗಿತ್ತು.

ಮೊನ್ನೆ ದೇವಸ್ಥಾನದ ಹತ್ತಿರದ ಚಾ ಅಂಗಡಿಯಲ್ಲಿ ಕೂತು ಮೊಬೈಲಿನಲ್ಲಿ ಫವಾದ್ ಮಿರ್ಜಾ ಕುದುರೆ ಹಾರಿಸುವ ವಿಡಿಯೊ ನೋಡುತ್ತಿದ್ದೆವು. ಬೆಂಗಳೂರಿನವರು, ಜರ್ಮನಿಗೆ ಹೋಗಿ ಅಲ್ಲೇ ಕುದುರೆ ಇಟ್ಟುಕೊಂಡು ತಯಾರಾದವರು ಎಂದು ಹೇಳಿದೆವು. ಪಕ್ಕದಲ್ಲಿ ಕೂತಿದ್ದ ಹಿರಿಯರು ಕೇಳಿದರು: "ಅಲ್ಲ ತಮಾ, ಬೆಂಗ್ಳೂರಲ್ಲಿ ಕುದ್ರೆ ಇಲ್ವಾ? ಅಷ್ಟು ದೂರ ಎಂತಕ್ಕೆ ಹೋಗೂದು?"

ಪ್ರಶ್ನೆ ಸರಿಯಾಗಿಯೇ ಇದೆ. ಬೆಂಗಳೂರಿನಲ್ಲಿ ಕುದುರೆಗೆ ಬರವಿಲ್ಲ. ಆದರೆ ಅಲ್ಲಿಯ ರೇಸ್ ಸಪಾಟು ನೆಲದ ಓಟ. ಬೇಲಿ, ಹಳ್ಳ ಹಾರಿಸಿ ಓಡಿಸುವ ಜಾಕಿಗಳ ಪಂದ್ಯ ಇಂಗ್ಲೆಂಡ್, ಐರ್ಲೆಂಡ್ ಕಡೆಯದು. ಮಿರ್ಜಾ ಅವರದು ಇನ್ನೂ ಬೇರೆ, ಇವೆಂಟಿಂಗ್. ಒಂದೇ ಕುದುರೆ, ಒಬ್ಬನೇ ಸವಾರ, ಮೂರು ಪರೀಕ್ಷೆ. ಮೊದಲು ಅಂಗಳದಲ್ಲಿ ಶಿಸ್ತಿನ ನಡಿಗೆ, ನಂತರ ಗುಡ್ಡ-ಹೊಂಡ ದಾಟುವ ದೂರದ ಓಟ, ಕೊನೆಗೆ ಕಂಬ ಬೀಳಿಸದೆ ಹಾರುವುದು. ಇದರಲ್ಲಿ ಗಟ್ಟಿಗರಾಗಬೇಕೆಂದರೆ ಗಟ್ಟಿಗರ ಜೊತೆ ಮತ್ತೆ ಮತ್ತೆ ಸ್ಪರ್ಧಿಸಬೇಕು. ಆ ಗಟ್ಟಿಗರು ಇರುವುದು ಯುರೋಪಿನಲ್ಲಿ.

ಇಲ್ಲಿಯ ಕುದುರೆಯನ್ನೇ ಅಲ್ಲಿಗೆ ಒಯ್ಯಬಹುದಲ್ಲ ಎಂದರೆ, ಅದು ಮನುಷ್ಯರಿಗೆ ವೀಸಾ ಸಿಕ್ಕಷ್ಟು ಸುಲಭವಲ್ಲ. ಕುದುರೆಗಳಿಗೆ ಬರುವ ಗ್ಲ್ಯಾಂಡರ್ಸ್‌ನಂಥ ರೋಗಗಳ ಭಯದಿಂದ ದೇಶದಿಂದ ದೇಶಕ್ಕೆ ಸಾಗಿಸುವ ನಿಯಮ ಬಹಳ ಬಿಗಿ. ಭಾರತದಲ್ಲಿ ರೋಗಮುಕ್ತ ಎಂದು ಜಾಗತಿಕ ಪ್ರಾಣಿ ಆರೋಗ್ಯ ಸಂಸ್ಥೆ ಒಪ್ಪಿಕೊಂಡ ಮೊದಲ ಕುದುರೆ ನೆಲೆ ಮೀರತ್‌ನ ಸೇನಾ ಕೇಂದ್ರ. ಆ ಮಾನ್ಯತೆ ಸಿಕ್ಕಿದ್ದು 2025ರ ಜುಲೈನಲ್ಲಿ. ಅಲ್ಲಿಯವರೆಗೆ ಯುರೋಪಿನಲ್ಲಿ ಸ್ಪರ್ಧಿಸುವ ನಮ್ಮ ಸವಾರರಿಗೆ ಇದ್ದ ದಾರಿ ಒಂದೇ: ಕುದುರೆ ಇರುವಲ್ಲಿಗೆ ತಾನೇ ಹೋಗುವುದು. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಡ್ರೆಸಾಜ್ ತಂಡ ಚಿನ್ನ ಗೆದ್ದಾಗಲೂ ಅದೇ ಕಥೆ. ಆ ಸವಾರರು ಯುರೋಪಿನಲ್ಲೇ ಉಳಿದು ಕಲಿತವರು.

ತಮಾಷೆ ಎಂದರೆ, ಒಂದು ಕಾಲದಲ್ಲಿ ನಮ್ಮ ಕರಾವಳಿಗೇ ಕುದುರೆಗಳು ಹಡಗಿನಲ್ಲಿ ಬರುತ್ತಿದ್ದವು. ವಿಜಯನಗರದ ಸೈನ್ಯಕ್ಕೆ ಬೇಕಾದ ಅರಬಿ ಕುದುರೆಗಳು ಇಳಿಯುತ್ತಿದ್ದ ದೊಡ್ಡ ಬಂದರುಗಳಲ್ಲಿ ಭಟ್ಕಳವೂ ಒಂದು. ಈಗ ಅದೇ ಭಟ್ಕಳದಿಂದ ಮನುಷ್ಯರು ದುಬೈಗೆ ಹೋಗುತ್ತಾರೆ. ದುಡಿಯಲು ಬೇರೆ ದೇಶಕ್ಕೆ ಹೋಗುವುದು ನಮ್ಮ ಮೂರು ತಾಲೂಕಿಗೆ ಹೊಸತಲ್ಲ. ಹೋದವರನ್ನು ನಾವು ದೂರುವುದೂ ಇಲ್ಲ.

ಮಿರ್ಜಾ ಜರ್ಮನಿಯಲ್ಲಿ ಒಲಿಂಪಿಕ್ ಪದಕ ವಿಜೇತೆ ಸಾಂಡ್ರಾ ಔಫಾರ್ತ್ ಅವರ ಬಳಿ ಕಲಿತರು. 2018ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ವೈಯಕ್ತಿಕ ಬೆಳ್ಳಿ, ತಂಡದಲ್ಲೂ ಬೆಳ್ಳಿ. 1982ರ ದೆಹಲಿ ಕ್ರೀಡಾಕೂಟದ ನಂತರ ಭಾರತದ ಸವಾರನೊಬ್ಬನಿಗೆ ಸಿಕ್ಕ ಮೊದಲ ವೈಯಕ್ತಿಕ ಪದಕ ಅದು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸೆನ್ಯೋರ್ ಮೆಡಿಕಾಟ್ ಎಂಬ ಕುದುರೆಯ ಮೇಲೆ ಫೈನಲ್ ತಲುಪಿ 23ನೇ ಸ್ಥಾನ. ಒಲಿಂಪಿಕ್ಸ್‌ಗೆ ನಮ್ಮ ಸವಾರರೊಬ್ಬರು ಹೋಗದೆ 20 ವರ್ಷ ಕಳೆದಿತ್ತು. ಇದರಲ್ಲಿ ಅವರ ಶ್ರಮ ಎಷ್ಟಿದೆಯೋ, ಹಿಂದೆ ನಿಂತವರ ಹಣವೂ ಅಷ್ಟೇ ಇದೆ. ಬೆಂಗಳೂರಿನ ಎಂಬಸಿ ಸಮೂಹ ಕುದುರೆ ಕೊಂಡುಕೊಟ್ಟು, ಪದಕ ಬರುವ ಮೊದಲೂ ಬಂದ ಮೇಲೂ ಖರ್ಚು ಹೊತ್ತಿತು. ತಂದೆ ಕುದುರೆ ವೈದ್ಯರು. ಹುಡುಗ ಲಾಯದಲ್ಲೇ ಬೆಳೆದವನು. ಹೀಗೆ ಆಸರೆ ಇದ್ದವನಿಗೆ ಪರದೇಶ ಒಂದು ಮೆಟ್ಟಿಲಾಗುತ್ತದೆ.

ಆಸರೆ ಇಲ್ಲದವನಿಗೆ ಏನಾಗುತ್ತದೆ? 2020ರ ಫೆಬ್ರವರಿ ನೆನಪಿಸಿಕೊಳ್ಳಿ. ಮೂಡುಬಿದಿರೆ ಕಡೆಯ ಕಂಬಳ ಓಟಗಾರ ಶ್ರೀನಿವಾಸ ಗೌಡರು ಐಕಳದಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಲೆಕ್ಕ ಹಾಕಿ 100 ಮೀಟರಿಗೆ 9.55 ಎಂದರು. ಉಸೇನ್ ಬೋಲ್ಟ್‌ಗಿಂತ ವೇಗ ಎಂದು ದೇಶವೇ ಕುಣಿಯಿತು. ಕೇಂದ್ರದ ಮಂತ್ರಿಗಳೇ ಟ್ರಯಲ್‌ಗೆ ಕರೆಸುವುದಾಗಿ ಹೇಳಿದರು. ಗೌಡರು ಒಪ್ಪಲಿಲ್ಲ. ಕೆಸರು ಗದ್ದೆಯಲ್ಲಿ ಕೋಣಗಳ ಜೊತೆ ಓಡುವುದೇ ಬೇರೆ, ಟ್ರ್ಯಾಕಿನಲ್ಲಿ ಓಡುವುದೇ ಬೇರೆ ಎಂದರು. ಹೆದರಿದ, ಅವಕಾಶ ಕಳೆದುಕೊಂಡ ಎಂದು ಎಷ್ಟೋ ಜನ ಬರೆದರು.

ನಮಗೆ ಹಾಗೆ ಅನಿಸುವುದಿಲ್ಲ. ಕೂಲಿ ಮಾಡಿ ಬದುಕುವ, 28 ದಾಟಿದ ಮನುಷ್ಯನ ಮುಂದೆ ನಾವು ಇಟ್ಟಿದ್ದು ಒಂದು ದಿನದ ಟ್ರಯಲ್. ಅದರ ಮರುದಿನ ಏನು, ಮನೆಗೆ ಅಕ್ಕಿ ಯಾರು ತರುತ್ತಾರೆ, ಕಾಲು ಉಳುಕಿದರೆ ಕಂಬಳದ ಸೀಸನ್ನಿನ ಗತಿ ಏನು ಎಂದು ಯಾರೂ ಹೇಳಲಿಲ್ಲ. ಆ ಲೆಕ್ಕ ಅವರಿಗೆ ಗೊತ್ತಿತ್ತು, ಚಪ್ಪಾಳೆ ತಟ್ಟಿದ ನಮಗೆ ಗೊತ್ತಿರಲಿಲ್ಲ.

ಇದೇ ತಪ್ಪು ನಮ್ಮ ಜಿಲ್ಲೆಯಲ್ಲಿ ಮೊದಲೇ ಆಗಿದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಮಕ್ಕಳನ್ನು 1987ರಲ್ಲಿ ಕ್ರೀಡಾ ಪ್ರಾಧಿಕಾರ ವಿಶೇಷ ಯೋಜನೆಯಡಿ ಆರಿಸಿ ಕರೆದೊಯ್ದಿತು. ಕಾಡಂಚಿನ ಮನೆಗಳಿಂದ ಹೊರಟ ಆ ಮಕ್ಕಳಿಗೆ ಹಾಸ್ಟೆಲ್ಲೇ ಪರದೇಶ. ಭಾಷೆ, ಊಟ, ಶಾಲೆ ಎಲ್ಲ ಹೊಸತು. ಕೆಲವರು ರಾಷ್ಟ್ರಮಟ್ಟದಲ್ಲಿ ಪದಕ ತಂದರು, ದೇಶದ ಬನಿಯನ್ನೂ ತೊಟ್ಟರು. ಆದರೆ 1993ರ ಹೊತ್ತಿಗೆ ಯೋಜನೆಯೇ ನಿಂತುಹೋಯಿತು. ಆರೇ ವರ್ಷ. ಮಕ್ಕಳು ಓಡುತ್ತಲೇ ಇದ್ದರು, ಕೆಳಗಿನ ನೆಲ ಎಳೆದರು. ಎಷ್ಟೋ ಮಂದಿ ಊರಿಗೆ ಮರಳಿ ಕೂಲಿ ಹಿಡಿದರು. ಮುಂದೆ ಸಿದ್ದಿ ಮಕ್ಕಳಿಗೆ ಮತ್ತೆ ಅವಕಾಶ ಬಂತು ಎನ್ನುವುದು ನಿಜ, ಆದರೆ ಆ ತಲೆಮಾರಿಗೆ ವಯಸ್ಸು ಮರಳಿ ಬರಲಿಲ್ಲ.

ಹಾಗಾಗಿ ಯಾರಾದರೂ ಹೊಸ ದೇಶಕ್ಕೆ, ಹೊಸ ಕಸುಬಿಗೆ ಹೊರಟರು ಎಂಬ ಸುದ್ದಿ ಬಂದರೆ, ಅವರ ಧೈರ್ಯದ ಬಗ್ಗೆ ಬರೆಯುವ ಮೊದಲು ನಾವು ಒಂದು ಪ್ರಶ್ನೆ ಕೇಳಬೇಕು: ಎರಡನೇ ವರ್ಷದ ಖರ್ಚು ಯಾರದ್ದು? ಮೊದಲ ವರ್ಷ ಎಲ್ಲರೂ ಇರುತ್ತಾರೆ. ಶಾಲು ಹೊದೆಸುವವರು, ಚೆಕ್ ಕೊಡುವವರು, ಫೋಟೊ ತೆಗೆಯುವ ನಾವು. ಗಾಯವಾದಾಗ, ಸೋತಾಗ, ಪದಕವಿಲ್ಲದ ವರ್ಷದಲ್ಲಿ ಯಾರು ಇರುತ್ತಾರೆ ಎನ್ನುವುದರ ಮೇಲೆ ಉಳಿದದ್ದು ನಿಂತಿದೆ.

ಇದರಲ್ಲಿ ನಮ್ಮ ಪಾಲೂ ಇದೆ. ಹಿಂದೊಮ್ಮೆ ಹೊನ್ನಾವರ ತಾಲೂಕಿನ ಹುಡುಗಿಯೊಬ್ಬಳು ಬರಿಗಾಲಲ್ಲಿ ಓಡಿ ಜಿಲ್ಲಾ ಮಟ್ಟಕ್ಕೆ ಆಯ್ಕೆಯಾದಾಗ ನಾವು ಸುದ್ದಿ ಕಳಿಸಿದೆವು. "ಪದಕ ಬಂದ ಮೇಲೆ ಕಳಿಸಿ, ಈಗ ಜಾಗ ಇಲ್ಲ" ಎಂದು ಡೆಸ್ಕಿನಿಂದ ಉತ್ತರ ಬಂತು. ಸುದ್ದಿಗಿಷ್ಟು ಎಂದು ಕಾಸು ಎಣಿಸುವ ನಾವು ಸುಮ್ಮನಾದೆವು. ಅವಳಿಗೆ ಸ್ಪೈಕ್ ಶೂ ಬೇಕಾಗಿದ್ದು ಪದಕ ಬರುವ ಮೊದಲು. ಮರುವರ್ಷ ಅವಳು ಓಡಲು ಬಂದಿರಲಿಲ್ಲ. ಯಾಕೆ ಎಂದು ನಾವು ಕೇಳಿಕೊಂಡೂ ಹೋಗಲಿಲ್ಲ. ಅದು ನಮಗೆ ಈಗಲೂ ಚುಚ್ಚುತ್ತದೆ.

ಚಾ ಅಂಗಡಿಯ ಹಿರಿಯರಿಗೆ ಇಷ್ಟೆಲ್ಲ ಹೇಳಲಿಲ್ಲ. ಕುದುರೆ ಅಲ್ಲಿದೆ, ಅದಕ್ಕೇ ಹೋಗಿದ್ದು ಎಂದೆವು. ಅವರು ಗ್ಲಾಸು ಕೆಳಗಿಟ್ಟು ಹೇಳಿದರು: "ಯಾಗದ ಕುದ್ರೆ ಹಿಂದೆ ಅರ್ಜುನ ಒಬ್ನೇ ಹೋಗೂದಿಲ್ಲ ತಮಾ. ಸೈನ್ಯ ಇರ್ತದೆ."

ನಮ್ಮ ಮಾತೂ ಅದೇ. ಈ ಸಲ ತಾಲೂಕು ಕ್ರೀಡಾಕೂಟಕ್ಕೆ ಹೋದವರು ಗೆದ್ದವರ ಹೆಸರಿನ ಜೊತೆ ಅವರ ಮನೆಯ ದಾರಿಯನ್ನೂ ಬರೆದುಕೊಳ್ಳೋಣ. ಮುಂದಿನ ವರ್ಷ ಅದೇ ತಿಂಗಳು ಆ ಮನೆಗೆ ಹೋಗೋಣ.