ಕಬ್ಬಿಗೆ ಕಣ್ಣಿದೆ, ಮಿಸ್

ಮಗಳು ಬೆಂಗಳೂರಿನಲ್ಲಿ ಎರಡನೇ ಕ್ಲಾಸು. ಮೊನ್ನೆ ಗಿಡದ ಭಾಗಗಳಿಗೆ ಹೆಸರು ಬರೆಯೋ ವರ್ಕ್‌ಶೀಟ್ ಬಂದಿತ್ತು. ಆಗಷ್ಟೇ ಊರಿಗೆ ಹೋಗಿ ಬಂದಿದ್ದಳು. ಪಕ್ಕದಲ್ಲೇ ಒಂದು ಕಬ್ಬು ಬಿಡಿಸಿ, ಗಣ್ಣಿನ ಹತ್ತಿರ 'ಕಣ್ಣು' ಅಂತ ಬರೆದಳು. ಮಿಸ್ ಕೆಂಪು ಪೆನ್ನಿನಲ್ಲಿ ತಪ್ಪು ಹಾಕಿ, ಗಿಡಗಳಿಗೆ ಕಣ್ಣಿರುವುದಿಲ್ಲ ಎಂದು ಷರಾ ಬರೆದರು.

ಇರುತ್ತೆ ಮೇಡಂ.

ನಮ್ಮೂರು ಯಡೂರು, ಚಿಕ್ಕೋಡಿ ಕಡೆ, ಕೃಷ್ಣಾ ದಂಡೆ. ಕಬ್ಬು ನಾಟಿ ಮಾಡೋ ದಿನ ಅಪ್ಪ ಹೇಳ್ತಿದ್ದ: "ಕಣ್ಣು ಬಾಜೂಕ ಬರೂ ಹಂಗ ಇಡೋ. ಕೆಳಗ ಬಿದ್ರ ಅದಕ್ಕ ಮ್ಯಾಲ ಬರೂ ದಾರಿ ಲಗೂನ ಸಿಗಂಗಿಲ್ಲ." ಕಣ್ಣು ಅಂದರೆ ಗಣ್ಣಿನ ಮೇಲಿನ ಮೊಗ್ಗು. ಮೊಳಕೆ ಅದರಿಂದ, ಮೊದಲ ಬೇರು ಗಣ್ಣಿನ ಸುತ್ತಲಿನ ಚುಕ್ಕಿಗಳಿಂದ. ಹೈಸ್ಕೂಲಿನಲ್ಲಿ ಇದೇ ಪಾಠ ಬಂದಾಗ ನನಗೆ ಹೊಸದಾಗಿದ್ದದ್ದು ಇಂಗ್ಲಿಷ್ ಹೆಸರು ಮಾತ್ರ.

ಜೋಳ 'ಹೊಡೆ'ಯಾಗಿದೆ ಅಂದರೆ ತೆನೆ ಇನ್ನೂ ಎಲೆಯ ಸುತ್ತಿನೊಳಗಿದೆ, ಹೊರಗೆ ಉಬ್ಬಷ್ಟೇ ಕಾಣುತ್ತದೆ. ಆಯಿ ಅದನ್ನು ಬಸುರಿ ಅನ್ನುತ್ತಿದ್ದಳು. ಶೀಗಿ ಹುಣ್ಣಿಮೆಗೆ ಭೂಮಿತಾಯಿಯ ಬಯಕೆಯೂಟ ಅಂತ ಹೊಲದಲ್ಲಿ ಚರಗ ಚೆಲ್ಲೋದೂ ಇದೇ ಲೆಕ್ಕದಲ್ಲಿ. ಆಮೇಲೆ ಕಾಳಿಗೆ ಹಾಲು ತುಂಬುತ್ತದೆ. ಇದೆಲ್ಲ ಅವೈಜ್ಞಾನಿಕ ಅನ್ನೋರು ಎಳೇ ಕಾಳನ್ನು ಉಗುರಿನಿಂದ ಒತ್ತಿ ನೋಡಲಿ.

ಸಿಟಿ ಶಾಲೆಗಳನ್ನಷ್ಟೇ ಬೈಯೋ ಹಾಗೂ ಇಲ್ಲ. ಊರಲ್ಲೇ ಇರೋ ಅಣ್ಣನ ಮಗ ಕಬ್ಬಿನ ಗದ್ದೆ ದಾಟಿ ಶಾಲೆಗೆ ಹೋಗಿ, ಪುಸ್ತಕದ ದಾಸವಾಳದ ಚಿತ್ರ ಬಾಯಿಪಾಠ ಮಾಡ್ತಾನೆ. ನಾನೂ ಹಾಗೇ ಮಾರ್ಕ್ಸ್ ತಗೊಂಡು ಬಿಇ ಮುಗಿಸಿದವನು. ನಮ್ಮದೇ ಹೊಲದ ಬದುವಿನ ಅರ್ಧ ಗಿಡಗಳ ಹೆಸರು ಬರಲ್ಲ. ಈಗ ಮಗಳ ನೇಚರ್ ಕ್ಯಾಂಪಿಗೆ ದುಡ್ಡು ಕಟ್ತಿದ್ದೇನೆ!

ಕಲ್ಪನೆ ಬೆರೆಸಿದರೆ ವಿಜ್ಞಾನ ಕೆಡುತ್ತೆ ಅನ್ನೋ ಭಯವಿದ್ದರೆ ಬಿ.ಜಿ.ಎಲ್. ಸ್ವಾಮಿಯವರನ್ನು ಓದಿ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಸ್ಯಶಾಸ್ತ್ರ ಪ್ರೊಫೆಸರ್. ವಿದ್ಯಾರ್ಥಿಗಳನ್ನು ಕಾಡು ಸುತ್ತಿಸಿ ಗಿಡ ತೋರಿಸಿದ ಅನುಭವವನ್ನೇ ತಮಾಷೆ, ಕಥೆ ಬೆರೆಸಿ 'ಹಸಿರು ಹೊನ್ನು' ಬರೆದರು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರ ಸಸ್ಯಶಾಸ್ತ್ರವೇನೂ ಅದರಿಂದ ಸಡಿಲಾಗಲಿಲ್ಲ. ಅಂಥ ಪಾಠ ಕಾಲೇಜಿನವರಿಗೆ ಆಗಬಹುದಾದರೆ ಏಳು ವರ್ಷದ ಮಗುವಿಗೆ ಯಾಕಾಗಬಾರದು? ಮೊದಲು ಕಣ್ಣು ತೋರಿಸಿ, ಅದರ ಲೇಬಲ್ ಆಮೇಲೆ ಬರಲಿ.

ಸೋಮವಾರ ಮಗಳ ಬ್ಯಾಗಿನಲ್ಲಿ ಎರಡು ಗಣ್ಣಿನ ಕಬ್ಬಿನ ತುಂಡು ಕಳಿಸ್ತಿದ್ದೇನೆ. ಕುಂಡದಲ್ಲಿ ಅಡ್ಡ ಮಲಗಿಸಿ, ಕಣ್ಣು ಬದಿಗೆ ಬರೋ ಹಾಗೆ ಇಟ್ಟು, ತೆಳ್ಳಗೆ ಮಣ್ಣು ಮುಚ್ಚಿ ನೀರು ಹಾಕಿ. ಎರಡು-ಮೂರು ವಾರ ಕಾಯಬೇಕು, ಮಿಸ್.