ಬಸ್ಸು ಪುಕ್ಕಟೆ, ಗೇಟು ಬಂದ್

ತಿಕೋಟಾದಿಂದ ವಿಜಯಪುರಕ್ಕೆ ಬರುವ ಬೆಳಗಿನ ಬಸ್ಸು ಹತ್ತಿ ನೋಡಿ. ಸೀಟು ಸಿಕ್ಕ ಹುಡುಗಿಯ ತೊಡೆಯ ಮೇಲೆ ನಿಂತವರದೂ ಸೇರಿ ಎರಡು ಮೂರು ಬ್ಯಾಗು, ಕೈಯಲ್ಲಿ ಶೂನ್ಯ ದರದ ಟಿಕೆಟ್ಟು. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ಮನೆಯವರ ಒಂದು ನೆಪವನ್ನಾದರೂ ಕಿತ್ತುಕೊಂಡಿತು: ದಿನಾ ಬಸ್‌ ಚಾರ್ಜು ಎಲ್ಲಿಂದ ತರೋಣ ಎಂಬ ನೆಪ. ಅದೇ ಅಥಣಿ ರಸ್ತೆಯಲ್ಲಿ, ಊರು ಮುಟ್ಟುವ ಮೊದಲೇ, ತೊರವಿ. ಅಲ್ಲಿದೆ 2003ರಲ್ಲಿ ಹುಟ್ಟಿದ, ರಾಜ್ಯದ ಮೊದಲ ಮಹಿಳಾ ವಿಶ್ವವಿದ್ಯಾಲಯ.

ಬಸ್ಸೂ ಇದೆ, ವಿವಿಯೂ ಇದೆ. ಆದರೆ ಪಿಯು ಮುಗಿಸದೆ ಅಲ್ಲಿಗೆ ಹೋಗುವಂತಿಲ್ಲ. 2022ರ ಫೆಬ್ರುವರಿ 5ರ ಸರ್ಕಾರಿ ಆದೇಶ ಅಡ್ಡ ಬಂದದ್ದು ಅಲ್ಲೇ. ಕಾಲೇಜು ಅಭಿವೃದ್ಧಿ ಸಮಿತಿ ಹೇಳಿದ್ದೇ ಸಮವಸ್ತ್ರ ಎಂದಿತು. ಹಿಜಾಬ್ ಹಾಕಿದವಳು ಗೇಟಿನ ಹೊರಗುಳಿದಳು. ಮಾರ್ಚ್ 15ರಂದು ಹೈಕೋರ್ಟಿನ ತ್ರಿಸದಸ್ಯ ಪೀಠ ಅದನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ನನಗೆ ಒಪ್ಪಿಗೆಯಾದದ್ದು ಸುಧಾಂಶು ಧುಲಿಯಾ ಅವರ ದಾರಿ. ಧರ್ಮಕ್ಕೆ ಅದು ಅತ್ಯಗತ್ಯವೇ ಎಂಬ ಜಗ್ಗಾಟವನ್ನು ಬದಿಗಿಟ್ಟು ಅವರು ಹುಡುಗಿಯ ಓದನ್ನು ಮುಂದಿಟ್ಟರು.

ಹಿಜಾಬ್ ಮನೆಯವರ ಹೇರಿಕೆಯಲ್ಲವೇ, ನೀವೇಕೆ ಅದರ ಪರ ಎಂದು ಪ್ರಗತಿಪರರೂ ಕೇಳುತ್ತಾರೆ. ಹೇರಿಕೆಯೇ ಅನ್ನೋಣ. ಹಾಗಾದರೆ ಗೇಟಿನಿಂದ ಅವಳನ್ನು ವಾಪಸ್ ಕಳಿಸಿದ್ದು ಎಲ್ಲಿಗೆ? ಹೇರಿದವರ ಮನೆಗೇ! ‘ಸಾಲಿ ಕಲ್ತದ್ದ ಸಾಕ, ಇನ್ನ ಲಗ್ನದ ಮಾತ ತಗೀರಿ’ ಎನ್ನಲು ಕಾದು ಕೂತ ಹಿರಿಯರು ಎಲ್ಲ ಜಾತಿ, ಧರ್ಮದಲ್ಲೂ ಇದ್ದಾರೆ. ಅವರಿಗೆ ಸರ್ಕಾರವೇ ಹೊಸ ನೆಪ ಒದಗಿಸಿತು. ಅದೇ ವರ್ಷದ ಡಿಸೆಂಬರ್ 20ರಂದು ತಾಲಿಬಾನ್ ಹೆಣ್ಣುಮಕ್ಕಳಿಗೆ ವಿವಿಗಳನ್ನು ಮುಚ್ಚಿದಾಗ ನಮ್ಮವರು ಮರುಗಿದರು. ಕಾಬೂಲೂ ಕರ್ನಾಟಕವೂ ಒಂದೇ ಎನ್ನುವಷ್ಟು ಹುಂಬ ನಾನಲ್ಲ; ಇಲ್ಲಿ ಕೋರ್ಟಿನ ಮೆಟ್ಟಿಲು ಹತ್ತಬಹುದು. ಆದರೆ ಅಲ್ಲಿ ಮೈ ಮುಚ್ಚಿದ್ದು ಸಾಲದೆಂದರು, ಇಲ್ಲಿ ಹೆಚ್ಚಾಯಿತೆಂದರು. ಪಾಠ ತಪ್ಪಿದ್ದು ಮಾತ್ರ ಹುಡುಗಿಗೇ.

ಆದೇಶ ವಾಪಸ್ ಎಂದು 2023ರ ಡಿಸೆಂಬರ್ 22ರಂದು ಹೇಳಿದ ಮುಖ್ಯಮಂತ್ರಿ ಸಿದ್ದರಾಮಯ್ಯ ಮರುದಿನವೇ ‘ಯೋಚಿಸುತ್ತಿದ್ದೇವೆ’ ಎಂಬಲ್ಲಿಗೆ ಇಳಿದರು. 2025ರ ಏಪ್ರಿಲ್‌ನಲ್ಲಿ ಬೀದರಿನಲ್ಲಿ ಜನಿವಾರ ತೆಗೆಯಲೊಪ್ಪದ ಹುಡುಗನಿಗೆ ಸಿಇಟಿ ಬರೆಯಲು ಬಿಡದಿದ್ದಾಗ ಮಾತ್ರ ಅದೇ ಸರ್ಕಾರ ಎಷ್ಟು ಚುರುಕು! ಮಂತ್ರಿಗಳು ತಪ್ಪೆಂದರು, ಸಿಬ್ಬಂದಿಯ ಮೇಲೆ ಕ್ರಮವಾಯಿತು. ಆಗಬೇಕಾದದ್ದೇ. ಆ ಚುರುಕಿನಲ್ಲಿ ಈ ಹುಡುಗಿಯರಿಗೂ ಪಾಲು ಬೇಡವೇ?

ತೊರವಿಯ ವಿವಿಗೆ ಅಕ್ಕಮಹಾದೇವಿಯ ಹೆಸರಿಟ್ಟದ್ದೂ ಸಿದ್ದರಾಮಯ್ಯನವರ ಮೊದಲ ಅವಧಿಯಲ್ಲೇ. ಉಟ್ಟ ಬಟ್ಟೆಯನ್ನೇ ಬಿಸುಟು ಅರಮನೆಯಿಂದ ಹೊರಟವಳು ಅಕ್ಕ. ಉಡುಪು ನೋಡಿ ಒಳಬಿಡುವುದಾದರೆ ಅವಳಿಗೇ ಅಡ್ಮಿಷನ್ ಇಲ್ಲ.

ತಿಕೋಟಾ ಸೇರುವುದು ಬಬಲೇಶ್ವರ ಮತಕ್ಷೇತ್ರಕ್ಕೆ. ಅಲ್ಲಿಂದ ಗೆದ್ದು 2023ರಲ್ಲಿ ಸಂಪುಟ ಸೇರಿದ ಎಂ.ಬಿ. ಪಾಟೀಲರು ಬಿಎಲ್‌ಡಿಇ ಶಿಕ್ಷಣ ಸಂಸ್ಥೆಯನ್ನೂ ನಡೆಸುವವರು. ಒಂದು ವರ್ಷ ತಪ್ಪಿದ ಹುಡುಗಿ ಮತ್ತೆ ಕಾಲೇಜಿಗೆ ಬರುವುದು ಎಷ್ಟು ಕಷ್ಟವೆಂದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ವೇದಿಕೆಯ ಭಾಷಣ ಬೇಡ. ತಲೆಗೆ ಏನು ಹೊದ್ದಿದ್ದಾಳೆಂಬ ಕಾರಣಕ್ಕೆ ಯಾವ ಹುಡುಗಿಯನ್ನೂ ತರಗತಿಯಿಂದ ಹೊರಗಿಡಕೂಡದು ಎಂಬ ಸುತ್ತೋಲೆ ಪ್ರತಿ ಪಿಯು ಕಾಲೇಜಿನ ನೋಟಿಸ್ ಬೋರ್ಡಿಗೆ ಬರಬೇಕು, ಅಡ್ಮಿಷನ್ ಶುರುವಾಗುವ ಮೊದಲೇ.