ಕಿವಿ ಪರೀಕ್ಷೆಗೂ ತಾಯ್ನುಡಿ ಬೇಕು

ಗಡಿನಾಡ ಗೆಳೆಯರೇ, ಭಾಷಾ ಹಕ್ಕು ಅಂದ್ರೆ ಶಾಲೆ, ಬೋರ್ಡು, ಅರ್ಜಿ ಇಷ್ಟೇನಾ? ಕಿವಿ ಡಾಕ್ಟರ ಹತ್ತಿರವೂ ಅದು ಬೇಕು.

ಕಿವಿ ಪರೀಕ್ಷೆಯಲ್ಲಿ ಮೊದಲು ಬೀಪ್ ಶಬ್ದ ಕೇಳಿಸ್ತಾರೆ. ಅದಕ್ಕೆ ಭಾಷೆಯ ಹಂಗಿಲ್ಲ. ಆಮೇಲೆ ಪದಗಳನ್ನು ಕೇಳಿಸ್ತಾರೆ, ನಾವು ತಿರುಗಿ ಹೇಳಬೇಕು. ಶ್ರವಣಯಂತ್ರ ಕೊಡುವಾಗ, ಆಪರೇಷನ್‌ಗೆ ಮುಂಚೆ ಮತ್ತು ಆಮೇಲೆ ಈ ಅಂಕ ನೋಡ್ತಾರೆ. ಕೆತ್ತಿಯ ಅಜ್ಜಿಗೆ ಸರಿಯಾಗಿ ಬಾರದ ಭಾಷೆಯ ಪದ ಕೇಳಿಸಿದ್ರೆ ಅಂಕ ಬೀಳುತ್ತೆ. ಆಗ ಕಿವಿಯ ದೋಷ ಎಷ್ಟು, ಭಾಷೆಯ ತೊಡಕು ಎಷ್ಟು ಅಂತ ಹೇಳೋದು ಹೇಗೆ?

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಆಶಾ ಯತಿರಾಜ್ ಮತ್ತು ಸಿ.ಎಸ್. ವಿಜಯಲಕ್ಷ್ಮಿ 2005ರಲ್ಲೇ ಇದಕ್ಕೆಂದು ಕನ್ನಡ ಪದಪಟ್ಟಿ ಸಿದ್ಧಮಾಡಿದ್ದಾರೆ. 1965ರಲ್ಲಿ ಶುರುವಾದ ಆ ಸಂಸ್ಥೆ ಕೇಂದ್ರ ಸರ್ಕಾರದ್ದು, ಹೊರ ರಾಜ್ಯದವರೂ ಹೋಗಬಹುದು. ಆದರೆ ವಯಸ್ಸಾದವರು ಘಾಟಿ ಇಳಿದು, ಬಂಡೀಪುರದ ಕಾಡು ದಾಟಿ ಹೋಗೋದಕ್ಕಿಂತ ಪದಪಟ್ಟಿಯೇ ಇಲ್ಲಿಗೆ ಬರೋದು ಸುಲಭ.

ನಮ್ಮ ಬೇಡಿಕೆ ಸರಳ: ಗಡಿ ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಕನ್ನಡಿಗರಿಗೆ ಕನ್ನಡ ಪದಗಳಲ್ಲಿ, ಬಡಗರಿಗೆ ಬಡಗ ಪದಗಳಲ್ಲಿ ಪರೀಕ್ಷೆ ಆಗಲಿ. ಮನೆಯ ಹಿರಿಯರನ್ನೋ ಮಕ್ಕಳನ್ನೋ ಕರ್ಕೊಂಡು ಹೋದಾಗ ನೀವೇ ಮೊದಲು ಕೇಳಿ, “ಯಾವ ಭಾಷೆಯಲ್ಲಿ ಪರೀಕ್ಷೆ ಮಾಡ್ತೀರಿ?” ನಾವು ಕೇಳದೇ ಇದ್ರೆ ಯಾರೂ ತಾವಾಗಿ ಕೊಡಲ್ಲ.